ಗಂಟೆಯಮ್ಮನ ಹನ್ನೊಂದು ಪ್ರಶ್ನೆಗಳು

ಗಂಟೆಯಮ್ಮ ನಮ್ಮ ಶಾಲೆಗೆ ಕೆಲಸಕ್ಕೆ ಸೇರಿ ಹದಿನಾಲ್ಕು ವರ್ಷವಾಯಿತು. ಕರೆಂಟಿನ ಬೆಲ್ಲು ಕೆಟ್ಟ ವರ್ಷವೇ ಅವಳು ಬಂದಳು. ರಿಪೇರಿಯಾಗುವವರೆಗೆ ಅಂತ ಮೆಟ್ಟಿಲ ಕೆಳಗೆ ಒಂದು ಕಬ್ಬಿಣದ ತುಂಡು ನೇತುಹಾಕಿ ಅವಳ ಕೈಗೆ ಸುತ್ತಿಗೆ ಕೊಟ್ಟರು. ಬೆಲ್ಲು ರಿಪೇರಿಯಾಗಲೇ ಇಲ್ಲ, ಅವಳು ಗಂಟೆಯಮ್ಮನಾಗಿಯೇ ಉಳಿದಳು. ಗಂಟೆ ಹೊಡೆಯುವುದು ಅವಳ ಹತ್ತು ಕೆಲಸದಲ್ಲಿ ಒಂದು, ಅಷ್ಟೆ. ಹನ್ನೆರಡು ಕೋಣೆ ಗುಡಿಸಿ ಒರೆಸುವುದು, ಬೋರ್ಡು ಒರೆಸುವುದು, ಸೋರುವ ನಲ್ಲಿಗೆ ಬಟ್ಟೆ ಸುತ್ತುವುದು, ಬಿದ್ದ ಮಕ್ಕಳ ಮಂಡಿಗೆ ಔಷಧಿ ಹಚ್ಚುವುದು, ನಮಗೆಲ್ಲ ಟೀ ಕೊಡುವುದು, ಎಲ್ಲಕ್ಕೂ ಅವಳೇ. ಗಂಡ ಲಾರಿ ಡ್ರೈವರ್. ಹತ್ತು ಹನ್ನೆರಡು ದಿನಕ್ಕೊಮ್ಮೆ ಮನೆಗೆ ಬಂದು, ಎರಡು ದಿನ ಗೊರಕೆ ಹೊಡೆದು ಹೋಗುವವನು. ಒಬ್ಬಳೇ ಮಗಳು, ನನ್ನದೇ ಆರನೇ ಕ್ಲಾಸಿನಲ್ಲಿದ್ದಳು. ಗಿಡ್ಡ, ತೆಳ್ಳಗೆ, ಬಾಯಿಬಿಟ್ಟರೆ ಖಾರ. ಕ್ಲಾಸಿನವರೆಲ್ಲ ಸೇರಿ ಅವಳಿಗೆ ಮೆಣಸಿನಕಾಯಿ ಅಂತ ಹೆಸರಿಟ್ಟಿದ್ದರು.

ನಾನು ಲೆಕ್ಕದ ಮಿಸ್. ಇಪ್ಪತ್ತೆರಡು ವರ್ಷದಿಂದ ಬರೀ ಲೆಕ್ಕ. ಬಾಯಿ ಜೋರು, ಕೋಪ ಮೂಗಿನ ತುದಿಯಲ್ಲೇ ಇರುತ್ತೆ ಅಂತ ಬೆನ್ನ ಹಿಂದೆ ಹೇಳುತ್ತಾರೆ. ಮುಂದೆ ಹೇಳಿದರೂ ಬೇಜಾರಿಲ್ಲ, ನಿಜವೇ ತಾನೆ. ಗಂಟೆಯಮ್ಮನ ಮೇಲೂ ಎಷ್ಟೋ ಸಲ ರೇಗಿದ್ದೇನೆ. ಬೋರ್ಡು ಒರೆಸು ಅಂದರೆ ಡಸ್ಟರ್ ಹಿಡಿದುಕೊಂಡು ಬೋರ್ಡಿನ ಮುಂದೆ ಒಂದೆರಡು ನಿಮಿಷ ಸುಮ್ಮನೆ ನಿಲ್ಲುತ್ತಿದ್ದಳು. "ಏನಮ್ಮಾ, ಸಿನಿಮಾ ನೋಡ್ತಿದೀಯಾ? ಬೇಗ ಒರೆಸು" ಎನ್ನುತ್ತಿದ್ದೆ. ಅವಳು ನಕ್ಕು ಒರೆಸಿಬಿಡುತ್ತಿದ್ದಳು. ಅವಳು ನಿಂತು ಓದುತ್ತಿದ್ದಳು ಅನ್ನುವುದು ನನ್ನ ದಡ್ಡ ತಲೆಗೆ ಹೊಳೆಯಲೇ ಇಲ್ಲ.

ಹೋದ ವರ್ಷ ನಾನೊಂದು ಹೊಸ ಕೆಲಸ ಶುರುಮಾಡಿದೆ. ಮಕ್ಕಳು ಲೆಕ್ಕ ತಪ್ಪು ಮಾಡಿದರೆ ನಾವು ಕೆಂಪು ಗೀಟು ಎಳೆಯುತ್ತೇವೆ, ಅವರು ಸರಿ ಉತ್ತರ ನಕಲು ಮಾಡಿಕೊಳ್ಳುತ್ತಾರೆ, ಅಲ್ಲಿಗೆ ಮುಗಿಯಿತು. ತಪ್ಪು ಮಾಡುವಾಗ ತಲೆಯೊಳಗೆ ಏನು ಓಡುತ್ತಿತ್ತು ಅಂತ ಯಾರೂ ಕೇಳುವುದಿಲ್ಲ. ಅದಕ್ಕೆ ನಾನು ಹೇಳಿದೆ: ವಾರಕ್ಕೊಂದು ತಪ್ಪು ಲೆಕ್ಕ ಆರಿಸಿಕೊಳ್ಳಿ, ಮನೆಯವರ ಫೋನಿನಲ್ಲಿ ಎರಡು ನಿಮಿಷ ಮಾತಾಡಿ ರೆಕಾರ್ಡ್ ಮಾಡಿ, ಆಗ ಏನು ಯೋಚನೆ ಮಾಡಿದಿರಿ ಅಂತ ಬಾಯಿಬಿಟ್ಟು ಹೇಳಿ, ನನಗೆ ಕಳಿಸಿ. ಅಬ್ಬಾ, ಎಂತೆಂಥ ಮಾತು ಬಂದವು! ಒಬ್ಬ ಹೇಳಿದ, "ಸೊನ್ನೆ ಅಂದ್ರೆ ಏನೂ ಇಲ್ಲ ಅಲ್ವಾ ಮಿಸ್, ಅದಕ್ಕೇ ಬಿಟ್ಬಿಟ್ಟೆ." ಇಪ್ಪತ್ತೆರಡು ವರ್ಷದಲ್ಲಿ ಯಾವ ಮಗುವೂ ನನಗೆ ಅಷ್ಟು ನೇರವಾಗಿ ತನ್ನ ತಲೆ ತೆರೆದು ತೋರಿಸಿರಲಿಲ್ಲ. ಕೆಲವನ್ನು ಕ್ಲಾಸಿನಲ್ಲಿ ಹಾಕಿ ಕೇಳಿಸಿದೆ. ಮಕ್ಕಳು ಒಬ್ಬರ ತಪ್ಪನ್ನು ಇನ್ನೊಬ್ಬರು ಬಿಡಿಸತೊಡಗಿದರು, ಜಗಳವಾಡತೊಡಗಿದರು, ಲೆಕ್ಕದ ಪೀರಿಯಡ್ ಮುಗಿದರೂ ಏಳುತ್ತಿರಲಿಲ್ಲ. ಸುದ್ದಿ ಬೇರೆ ಶಾಲೆಗಳಿಗೂ ಹೋಯಿತು. ಬಂದವರಿಗೆಲ್ಲ ನಾನು ಹೇಳುತ್ತಿದ್ದೆ: "ಒಂದೊಂದು ರೆಕಾರ್ಡಿಂಗನ್ನೂ ಕೊನೇವರೆಗೆ ಕೇಳ್ತೀನಿ. ಮಗು ನಮ್ಮನ್ನ ನಂಬಿ ಮಾತಾಡಿರುತ್ತೆ, ಪೂರ್ತಿ ಕೇಳ್ಬೇಕು."

ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ಕ್ಲಾಸಿನಲ್ಲಿ ನಲವತ್ತೆರಡು ಮಕ್ಕಳು. ಮೊದಲ ಎರಡು ವಾರ ಪೂರ್ತಿ ಕೇಳಿದ್ದು ನಿಜ. ಮೂರನೇ ವಾರದಿಂದ ವೇಗ ಎರಡರಷ್ಟು ಮಾಡಿದೆ. "ಏನೇ ಇದು, ಗುಬ್ಬಿ ಸಾಕ್ಕೊಂಡಿದೀಯಾ?" ಅಂತ ಮನೆಯವರು ನಗುತ್ತಿದ್ದರು. ಆಮೇಲೆ ಅದಕ್ಕೂ ಪುರುಸೊತ್ತಿಲ್ಲದೆ ಮೊದಲ ಅರ್ಧ ನಿಮಿಷ ಕೇಳಿ, ಒಂದು ಹೆಬ್ಬೆರಳಿನ ಗುರುತು ಒತ್ತಿ, ಮುಂದಿನದಕ್ಕೆ ಹೋಗುತ್ತಿದ್ದೆ. ಹಾಗೆ ಮಾಡಿಕೊಂಡೇ ಹೋಗಿ ಬೇರೆಯವರಿಗೆ ಭಾಷಣ ಬಿಗಿಯುತ್ತಿದ್ದೆ. ಈಗ ನೆನೆದರೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ.

ಒಂದು ಶುಕ್ರವಾರ ಇಲಾಖೆಯಿಂದ ದೊಡ್ಡ ಅಧಿಕಾರಿಯೂ, ಹತ್ತು ಶಾಲೆಗಳಿಂದ ಮೂವತ್ತು ಜನ ಟೀಚರುಗಳೂ ನನ್ನ ಪಾಠ ನೋಡಲು ಬಂದರು. ದೊಡ್ಡ ಕೋಣೆ, ಗೋಡೆಗೆ ಎರಡು ಸ್ಪೀಕರ್, ಮುಂದೆ ನನ್ನ ಆರನೇ ಕ್ಲಾಸು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನಗೋ ಹಗಲಲ್ಲೇ ಕೊಡೆ ಸಿಕ್ಕಿತ್ತು. ಕೇಳಿಸಲು ಮೆಣಸಿನಕಾಯಿಯ ರೆಕಾರ್ಡಿಂಗ್ ಆರಿಸಿದ್ದೆ, ಯಾಕೆಂದರೆ ಅದರ ಮೊದಲ ಅರ್ಧ ನಿಮಿಷ ಚಿನ್ನದಂತಿತ್ತು. ಮುಂದಿನದನ್ನು ನಾನು ಕೇಳಿರಲಿಲ್ಲ. ಹಾಕಲೇ ಅಂತ ಹುಡುಗಿಯನ್ನೂ ಕೇಳಲಿಲ್ಲ. ಗುಂಡಿ ಒತ್ತಿದೆ.

"ಅರ್ಧವನ್ನ ಕಾಲಿಂದ ಭಾಗಿಸಿ ಅಂತ ಇತ್ತು," ಸ್ಪೀಕರಿನಲ್ಲಿ ಅವಳ ಚುರುಕು ದನಿ ಬಂತು. "ನಾನು ಅರ್ಧದಲ್ಲಿ ಕಾಲು ಭಾಗ ತೆಗಿಯೋದು ಅಂದ್ಕೊಂಡೆ. ಅದಕ್ಕೇ ನನಗೆ ಎಂಟರಲ್ಲಿ ಒಂದು ಬಂತು. ತೆಗಿಯೋದು ಬೇರೆ, ಭಾಗಿಸೋದು ಬೇರೆ. ಸರಿ ಉತ್ತರ ಎರಡು."

ಅಧಿಕಾರಿ ತಲೆದೂಗಿದರು. ನಾನು ನಿಲ್ಲಿಸಬಹುದಿತ್ತು. ಹೊಗಳಿಕೆ ಕಿವಿಗೆ ಹಿತವಾಗಿತ್ತು, ನಿಲ್ಲಿಸಲಿಲ್ಲ. ಅಷ್ಟರಲ್ಲಿ ಸ್ಪೀಕರಿನಿಂದ ಇನ್ನೊಂದು ದನಿ, ದೊಡ್ಡ ಹೆಂಗಸಿನದು: "ಎರಡು ಹೆಂಗಾಗುತ್ತೆ? ಅರ್ಧನ ಭಾಗ ಮಾಡಿದ್ಮೇಲೆ ಇನ್ನೂ ಚಿಕ್ಕದಾಗ್ಬೇಕು ತಾನೆ? ಬುಕ್ಕಲ್ಲೇ ತಪ್ಪು ಪ್ರಿಂಟಾಗಿದೆ ಅಂತ ಆವತ್ತೇ ಗೊತ್ತಾಯ್ತಲ್ಲ, ಇನ್ನೂ ಎರಡು ಎರಡು ಅಂತೀಯಲ್ಲೇ!"

ಕೋಣೆ ಗೊಳ್ಳೆಂದಿತು. ನಾನೂ ನಕ್ಕೆ. ಅಷ್ಟಕ್ಕೇ ಸುಮ್ಮನಿದ್ದರೆ ಸಾಕಿತ್ತು. ಬಂದವರ ಮುಂದೆ ಬುದ್ಧಿವಂತೆ ಅನ್ನಿಸಿಕೊಳ್ಳುವ ಚಪಲ ನೋಡಿ, "ಕೇಳಿದ್ರಾ? ನಾವು ಇಲ್ಲಿ ಎಷ್ಟು ತಿದ್ದಿದ್ರೂ ಇಂಥ ದಡ್ಡತನ ಮನೆಯಿಂದ್ಲೇ ಬರುತ್ತೆ" ಅಂದೆ. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ಆಗಲೇ ರೆಕಾರ್ಡಿಂಗಿನ ಕೊನೆ ಬಂತು. ಮೆಣಸಿನಕಾಯಿ ಫೋನಿಗೆ ಬಾಯಿ ಹಚ್ಚಿ ಪಿಸುಗುಟ್ಟಿದ್ದಳು: "ಮಿಸ್, ಇದನ್ನ ಯಾರಿಗೂ ಕೇಳಿಸ್ಬೇಡಿ. ದಯವಿಟ್ಟು. ಅಮ್ಮನ ಮಾತೂ ಇದೆ."

ಪಿಸುಮಾತು ಎರಡು ಸ್ಪೀಕರಿನಲ್ಲಿ ಕೋಣೆ ತುಂಬ ಕೇಳಿಸಿತು. ಯಾರೂ ನಗಲಿಲ್ಲ. ಕೊನೇವರೆಗೆ ಕೇಳ್ತೀನಿ ಅಂತ ಹತ್ತು ನಿಮಿಷದ ಹಿಂದೆ ಹೇಳಿದ್ದವಳ ಮುಖವನ್ನು ಮೂವತ್ತು ಜನ ನೋಡುತ್ತಿದ್ದರು. ನಾನು ಬಾಗಿಲ ಕಡೆ ನೋಡಿದೆ. ಗಂಟೆಯಮ್ಮ ಟೀ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು. ಆ ದನಿ ಯಾರದ್ದು ಅಂತ ನಮ್ಮ ಶಾಲೆಯ ಪ್ರತಿಯೊಬ್ಬರಿಗೂ ಗೊತ್ತಾಗಿತ್ತು. ಅವಳು ಒಳಗೆ ಬಂದಳು, ಮೊದಲು ಅಧಿಕಾರಿಗೆ, ಆಮೇಲೆ ಸಾಲಾಗಿ ಮೂವತ್ತು ಜನಕ್ಕೂ ಟೀ ಕೊಟ್ಟಳು. ಕೊನೆಗೆ ನನಗೂ ಕೊಟ್ಟಳು, ಒಂದು ಹನಿ ಚೆಲ್ಲಲಿಲ್ಲ. ನನ್ನ ಮುಖ ನೋಡಲೂ ಇಲ್ಲ. ಭೂಮಿ ಬಾಯಿಬಿಟ್ಟು ನುಂಗಬಾರದೇ ಅಂತ ಜನ ಯಾಕೆ ಅನ್ನುತ್ತಾರೆ ಅಂತ ನನಗೆ ಅವತ್ತು ಗೊತ್ತಾಯಿತು.

ಮರುದಿನ ಶನಿವಾರ, ಅರ್ಧ ದಿನದ ಶಾಲೆ. ಮಕ್ಕಳೆಲ್ಲ ಹೋದ ಮೇಲೆ ಖಾಲಿ ಕ್ಲಾಸಿನಲ್ಲಿ ಕೂತು, ನಾನು ಅರ್ಧಕ್ಕೇ ಬಿಡತೊಡಗಿದ ಮೇಲೆ, ಶುಕ್ರವಾರ ಹಾಕಿದ್ದಕ್ಕೆ ಮುಂಚೆ, ಮೆಣಸಿನಕಾಯಿ ಕಳಿಸಿದ್ದ ಹನ್ನೊಂದು ರೆಕಾರ್ಡಿಂಗನ್ನೂ ಮೊದಲಿನಿಂದ, ಮಾಮೂಲಿ ವೇಗದಲ್ಲಿ, ಕೊನೆಯವರೆಗೆ ಕೇಳಿದೆ. ಮೊದಲನೆಯದರಲ್ಲಿ ಹುಡುಗಿಯ ಮಾತು ಮುಗಿದ ಮೇಲೆ ಗಂಟೆಯಮ್ಮನ ದನಿ, ತಡವರಿಸಿಕೊಂಡು: "ಮಿಸ್, ನಾನು ಗಂಟೆಯಮ್ಮ. ನೀವು ಪೂರ್ತಿ ಕೇಳ್ತೀರಂತೆ, ಮಗಳು ಹೇಳಿದ್ಲು. ನಾನು ದೊಡ್ಡವರ ಪರೀಕ್ಷೆ ಕಟ್ಟಿದೀನಿ ಮಿಸ್, ಎಂಟನೇ ಕ್ಲಾಸಿಂದು. ಪಾಸಾದ್ರೆ ಲ್ಯಾಬಿನ ಕೆಲಸಕ್ಕೆ ಹಾಕ್ತೀವಿ ಅಂದಿದಾರೆ. ಸ್ಕೂಲಲ್ಲಿ ನನ್ನ ಹತ್ರ ಏನೂ ಮಾತಾಡ್ಬೇಡಿ, ಎಲ್ರೂ ನಗ್ತಾರೆ. ಒಂದು ಪ್ರಶ್ನೆ ಕೇಳ್ತೀನಿ, ಮಗಳ ಹತ್ರ ಹೇಳಿ ಕಳಿಸಿದ್ರೆ ಸಾಕು. ಸೊನ್ನೆಯಿಂದ ಯಾಕೆ ಭಾಗಿಸ್ಬಾರ್ದು?"

ವಾರಕ್ಕೊಂದು ಪ್ರಶ್ನೆ. ಮೈನಸ್ಸನ್ನು ಮೈನಸ್ಸಿನಿಂದ ಗುಣಿಸಿದರೆ ಪ್ಲಸ್ ಯಾಕೆ? ವೃತ್ತದ ಸುತ್ತಳತೆಗೆ ಆ ಮೂರು ಚಿಲ್ಲರೆ ಎಲ್ಲಿಂದ ಬಂತು? ಒಂದೊಂದೂ ಎಂಥ ಪ್ರಶ್ನೆ ಗೊತ್ತೇ! ನನ್ನ ಕ್ಲಾಸಿನ ಯಾವ ಜಾಣನೂ ಕೇಳಿರಲಿಲ್ಲ. ಬೋರ್ಡಿನ ಮುಂದೆ ನಿಂತು ಅವಳು ಆರಿಸಿಕೊಂಡ ಪ್ರಶ್ನೆಗಳು ಇವು. ಆದರೆ ನನ್ನನ್ನು ಕೊಂದದ್ದು ಅದಲ್ಲ. ಎರಡನೆಯದರಿಂದ ಹಿಡಿದು ಪ್ರತಿ ರೆಕಾರ್ಡಿಂಗಿನಲ್ಲೂ ಹೊಸ ಪ್ರಶ್ನೆಗೆ ಮುಂಚೆ ಅವಳು ಉಪಕಾರ ಹೇಳಿದ್ದಳು. "ಹೋದ ವಾರ ನೀವು ಹೇಳಿ ಕಳಿಸಿದ್ದು ಅರ್ಥ ಆಯ್ತು ಮಿಸ್. ನಿಮಗೆ ಎಷ್ಟು ಕೆಲಸ ಇರುತ್ತೆ, ಆದ್ರೂ ನನಗೋಸ್ಕರ ಹೇಳ್ತೀರಿ." ನಾನೇನು ಹೇಳಿ ಕಳಿಸಿದ್ದೆ? ನಾನು ಯಾರಿಗೂ ಏನೂ ಹೇಳಿರಲಿಲ್ಲ.

ಸೋಮವಾರ ಬೆಳಿಗ್ಗೆ ಮೆಣಸಿನಕಾಯಿಯನ್ನು ನಲ್ಲಿಯ ಹತ್ತಿರ ಹಿಡಿದೆ. ಅವಳು ಬಾಟಲಿಗೆ ನೀರು ಹಿಡಿಯುತ್ತಿದ್ದಳು, ನನ್ನನ್ನು ನೋಡಿ ಹೊರಡಲು ನೋಡಿದಳು.

"ನಿಲ್ಲು. ನಾನು ಹೇಳಿದೆ ಅಂತ ಅಮ್ಮಂಗೆ ಏನು ಹೇಳ್ತಿದ್ದೆ?" ಎಂದು ಕೇಳಿದೆ.

ಬಾಟಲಿ ತುಂಬಿ ಹರಿಯಿತು, ಅವಳು ನಲ್ಲಿ ನಿಲ್ಲಿಸಲಿಲ್ಲ. "ನೀವು ಕೇಳ್ತೀರಿ ಅಂತ ಅಮ್ಮಂಗೆ ನಾನೇ ಹೇಳಿದ್ದು. ನೀವು ಏನೂ ಹೇಳ್ಲಿಲ್ಲ, ಬರೀ ಹೆಬ್ಬೆಟ್ಟು ಹಾಕ್ತಿದ್ರಿ. ಅಮ್ಮ ದಿನಾ ಬಾಗಿಲಲ್ಲೇ ನಿಂತು, ಮಿಸ್ ಏನಂದ್ರು, ಮಿಸ್ ಏನಂದ್ರು ಅನ್ನೋಳು. ನೀವು ಕೇಳೇ ಇಲ್ಲ ಅಂತ ಹೆಂಗೆ ಹೇಳ್ಲಿ ಮಿಸ್? ಅಮ್ಮಂಗೆ ಬೇಜಾರಾಗುತ್ತೆ. ಅದಕ್ಕೇ ನಾನೇ ಉತ್ತರ ಮಾಡಿ, ಮಿಸ್ ಹೇಳಿದ್ರು ಅಂತಿದ್ದೆ."

"ಎಲ್ಲಾನೂ?"

"ಎಲ್ಲಾನೂ. ಕೆಲವು ಬುಕ್ಕಲ್ಲಿ ಹುಡುಕಿದೆ. ಭಾಗಿಸಿದ್ರೆ ಯಾಕೆ ದೊಡ್ಡದಾಗುತ್ತೆ ಅಂತ ಕೇಳಿದ್ಲಲ್ಲ, ಅದು ನನಗೂ ಗೊತ್ತಾಗ್ಲಿಲ್ಲ. ಬುಕ್ಕಲ್ಲಿ ತಪ್ಪು ಪ್ರಿಂಟಾಗಿದೆಯಂತೆ, ಮಿಸ್ ಹೇಳಿದ್ರು ಅಂದೆ." ಅಷ್ಟು ಹೇಳಿ ಅಳತೊಡಗಿದಳು. ಆ ಖಾರದ ಹುಡುಗಿ ಅಳುವುದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. "ಅಮ್ಮ ಪುಸ್ತಕ ಎಲ್ಲಾ ಕಟ್ಟಿ ಅಟ್ಟದ ಮೇಲೆ ಹಾಕಿದಾಳೆ. ಪರೀಕ್ಷೆಗೆ ಹೋಗಲ್ವಂತೆ. ಮಿಸ್ ಬೇಕಂತ್ಲೇ ತಪ್ಪು ಹೇಳ್ಕೊಟ್ಟು, ಎಲ್ಲರ ಮುಂದೆ ನನ್ನ ದಡ್ಡಿ ಮಾಡಿ ನಕ್ರು ಅಂತಾಳೆ. ನಾನು ಸುಳ್ಳು ಹೇಳಿದ್ದು ಅಂತ ಹೇಳ್ಬೇಡಿ ಮಿಸ್. ಆಮೇಲೆ ಅಮ್ಮ ನನ್ನ ಯಾವತ್ತೂ ನಂಬಲ್ಲ."

ನಲ್ಲಿ ನಿಲ್ಲಿಸಿ, ಅವಳ ಮುಖ ತೊಳೆಸಿ, ಕ್ಲಾಸಿಗೆ ಕಳಿಸಿದೆ. ಪರೀಕ್ಷೆಗೆ ಇನ್ನು ಒಂಬತ್ತು ದಿನವಿತ್ತು.

ಸ್ಟಾಫ್ ರೂಮಿನಲ್ಲಿ ಕೂತು ಯೋಚಿಸಿದೆ. ನಿಜ ಹೇಳಿಬಿಟ್ಟರೆ ನನ್ನ ಅರ್ಧ ಮರ್ಯಾದೆ ಉಳಿಯುತ್ತದೆ: ನಾನು ಕೇಳಲಿಲ್ಲ, ಅಷ್ಟೆ, ತಪ್ಪು ಉತ್ತರ ನನ್ನದಲ್ಲ, ನಿನ್ನ ಮಗಳದ್ದು. ಆ ಮಾತು ನಾಲಿಗೆಯ ತುದಿಯವರೆಗೆ ಬಂತು, ಸುಳ್ಳೇಕೆ ಹೇಳಲಿ. ಲೆಕ್ಕದಲ್ಲಿ ನನ್ನನ್ನು ಮೀರಿಸಿದವರಿಲ್ಲ ಅಂತ ಇಪ್ಪತ್ತೆರಡು ವರ್ಷ ಮೆರೆದವಳು ನಾನು. ಭಾಗಾಕಾರವನ್ನು ಪ್ರಿಂಟ್ ತಪ್ಪು ಅಂದವಳು ಅಂತ ಅನ್ನಿಸಿಕೊಳ್ಳುವುದೇ? ಆದರೆ ಆ ಹುಡುಗಿ ಯಾಕೆ ಸುಳ್ಳು ಹೇಳಿದಳು? ಅಮ್ಮನಿಗೆ ಬೇಜಾರಾಗದಿರಲಿ ಅಂತ. ಅದರಿಂದ ಉಳಿದದ್ದು ನನ್ನ ಮಾನ. ಹನ್ನೊಂದು ವಾರ ಒಂದು ಪುಟ್ಟ ಮಗು ನನ್ನ ಕೆಲಸವನ್ನು ತಾನು ಮಾಡಿತ್ತು, ಹೆಸರು ನನಗೆ ಕೊಟ್ಟಿತ್ತು. ಅದರ ಬೆನ್ನ ಹಿಂದೆ ನಾನು ಬಚ್ಚಿಟ್ಟುಕೊಳ್ಳಬೇಕೇ? ಥೂ ಅನ್ನಿಸಿತು.

ಮಧ್ಯಾಹ್ನದ ಬಿಡುವಿನಲ್ಲಿ ಮೆಟ್ಟಿಲ ಕೆಳಗಿನ ಅವಳ ಜಾಗಕ್ಕೆ ಹೋದೆ. ಪೊರಕೆ, ಬಕೆಟ್ಟು, ಒಂದು ಸ್ಟೂಲು. ಅವಳು ಎದ್ದು ಸ್ಟೂಲು ನನ್ನ ಕಡೆ ತಳ್ಳಿದಳು. ನಾನು ಕೂರಲಿಲ್ಲ.

"ಮನೆಯಿಂದ್ಲೇ ಬರುತ್ತೆ ಅಂತ ಅವತ್ತು ಅಂದ್ನಲ್ಲ, ಆ ಮಾತು ಆಡಬಾರ್ದಾಗಿತ್ತು. ನನ್ನದು ದೊಡ್ಡ ತಪ್ಪಾಯ್ತು" ಅಂದೆ.

"ಬಿಡಿ ಮಿಸ್. ನೀವು ದೊಡ್ಡವರು, ಏನಾದ್ರೂ ಅನ್ನಬಹುದು."

"ಹಂಗನ್ಬೇಡ. ಪರೀಕ್ಷೆಗೆ ಹೋಗು."

ಅವಳು ಬಕೆಟ್ಟಿನ ಮೇಲಿದ್ದ ಒರೆಸುವ ಬಟ್ಟೆ ಹಿಂಡಿದಳು, ಅದರಲ್ಲಿ ನೀರೇ ಇರಲಿಲ್ಲ. "ಒಂದು ಮಾತು ಕೇಳ್ಲಾ ಮಿಸ್? ಗೊತ್ತಿಲ್ದೇ ತಪ್ಪು ಹೇಳಿದ್ರೆ ನಗಲಿ, ಪರವಾಗಿಲ್ಲ. ನೀವೇ ಹೇಳಿಕೊಟ್ಟಿದ್ದನ್ನ ನಾನು ಹೇಳಿದೆ. ನೀವೇ ನಕ್ರಲ್ಲ. ಯಾಕೆ ಮಿಸ್? ನಾನೇನು ಮಾಡಿದ್ದೆ ನಿಮಗೆ?"

ನಾನು ಸ್ಟೂಲು ಎಳೆದುಕೊಂಡು ಕೂತೆ. "ಬೇಕಂತ ಅಲ್ಲ ಗಂಟೆಯಮ್ಮ. ನನಗೇ ಗೊತ್ತಿರ್ಲಿಲ್ಲ."

"ಏನು ಗೊತ್ತಿರ್ಲಿಲ್ಲ?"

"ಭಾಗಿಸಿದ್ರೆ ಯಾಕೆ ದೊಡ್ಡದಾಗುತ್ತೆ ಅಂತ. ಬಾಯಿಗೆ ಬಂದಿದ್ದು ಹೇಳಿ ಕಳಿಸ್ದೆ. ಅವತ್ತು ಎಲ್ರೂ ನಕ್ಕಾಗ, ಅದು ನಂದೇ ತಪ್ಪು ಅಂತ ಹೇಳೋಕೆ ಧೈರ್ಯ ಬರ್ಲಿಲ್ಲ. ನಿನ್ನ ಮೇಲೆ ಹಾಕಿಬಿಟ್ಟೆ."

ಅವಳು ಬಾಯಿ ತೆರೆದುಕೊಂಡು ನನ್ನನ್ನೇ ನೋಡಿದಳು. "ಇಷ್ಟು ವರ್ಷದಿಂದ ಅದನ್ನೇ ಪಾಠ ಮಾಡ್ತಿದೀರಲ್ಲ ಮಿಸ್?"

"ತಿರುಗಿಸಿ ಗುಣಿಸೋದು ಬರುತ್ತೆ. ಯಾಕೆ ಅಂತ ಬರಲ್ಲ."

ನನ್ನ ಕಿವಿ ಸುಡುತ್ತಿತ್ತು. ಅವಳ ಮುಖದಲ್ಲಿ ಮೊದಲು ಅನುಮಾನ, ಆಮೇಲೆ ಬೆರಗು, ಆಮೇಲೆ, ಅಯ್ಯೋ ದೇವರೇ, ಮರುಕ. "ಅಯ್ಯೋ ಪಾಪ" ಅಂದಳು ನನಗೆ! "ಮೊದ್ಲೇ ಹೇಳಬಾರ್ದಾ ಮಿಸ್? ನಾನು ದಡ್ಡಿ ಅಂತ ಮೂರು ದಿನದಿಂದ ಅನ್ನ ಸೇರ್ತಿಲ್ಲ. ನಿಮಗೇ ಬರಲ್ಲ ಅಂದ್ರೆ ಇನ್ನು ನನ್ನ ಪಾಡೇನು!" ಅಂತ ನಕ್ಕೇಬಿಟ್ಟಳು. ಆ ನಗು ಮೂವತ್ತು ಜನರ ನಗುವಿಗಿಂತ ಜೋರಾಗಿ ನನಗೆ ತಾಗಿತು, ಆದರೂ ಅವಳು ನಕ್ಕಳಲ್ಲ ಅಂತ ಸಮಾಧಾನವಾಯಿತು.

"ಇಬ್ರೂ ಸೇರಿ ನೋಡೋಣ ಬಾ" ಅಂದೆ. ಕಾಗದದ ಉದ್ದ ಪಟ್ಟಿಯೊಂದನ್ನು ಹರಿದು ಅವಳ ಕೈಗೆ ಕೊಟ್ಟೆ. ಅರ್ಧ ಮಡಚಿಸಿದೆ, ಕಾಲು ಮಡಚಿಸಿದೆ. ಆ ಅರ್ಧದೊಳಗೆ ಎಷ್ಟು ಕಾಲು ಹಿಡಿಸುತ್ತವೆ ನೋಡು ಅಂದೆ. ಅವಳು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. "ಎರಡು!" ಅಂದಳು. "ಅಯ್ಯೋ, ಇಷ್ಟೇನಾ? ಭಾಗಿಸೋದು ಅಂದ್ರೆ ಎಷ್ಟು ಹಿಡಿಸುತ್ತೆ ಅಂತ ಕೇಳೋದು! ಚಿಕ್ಕದು ಜಾಸ್ತಿ ಸಲ ಹಿಡಿಸುತ್ತೆ." ಆಮೇಲೆ ಪಟ್ಟಿಯನ್ನು ನನ್ನ ಕೈಗೆ ಕೊಟ್ಟು, ನನ್ನ ಬೆರಳು ಹಿಡಿದು ಮಡಚಿಸಿ, ನಿಧಾನವಾಗಿ, ಮಂದಬುದ್ಧಿಯ ಮಗುವಿಗೆ ಹೇಳುವ ಹಾಗೆ ನನಗೆ ಹೇಳಿಕೊಟ್ಟಳು. ಕೊನೆಗೆ "ಗೊತ್ತಾಯ್ತಾ ಮಿಸ್?" ಅಂದಳು. ಗೊತ್ತಾಯ್ತು ಅಂದೆ.

ಉಳಿದ ದಿನಗಳ ಮಧ್ಯಾಹ್ನದ ಬಿಡುವೆಲ್ಲ ಮೆಟ್ಟಿಲ ಕೆಳಗೇ ಕಳೆಯಿತು. ಹತ್ತು ಪ್ರಶ್ನೆ ಇನ್ನೂ ಬಾಕಿಯಿದ್ದವಲ್ಲ, ಒಂದೊಂದಾಗಿ ತೆಗೆದೆವು. ಪ್ರತಿಯೊಂದಕ್ಕೂ ನಾನು "ಇದೂ ನನಗೆ ಸರಿಯಾಗಿ ಬರಲ್ಲ, ನೋಡೋಣ" ಅನ್ನಬೇಕಾಗುತ್ತಿತ್ತು, ಇಲ್ಲದಿದ್ದರೆ ಅವಳಿಗೆ ಸಂಕೋಚ. ಮಜಾ ಏನೆಂದರೆ, ಮೈನಸ್ಸಿನ ಪ್ರಶ್ನೆಗೆ ಬಂದಾಗ ಅವಳಿಗೆ ಒಪ್ಪುವಂಥ ಕಾರಣ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡೆ. ಪರೀಕ್ಷೆಯ ದಿನ ಅವಳು ಹೋದಳು. ಅವತ್ತು ಗಂಟೆ ನಾನು ಹೊಡೆದೆ. ಎರಡನೇ ಪೀರಿಯಡ್ಡನ್ನು ಏಳು ನಿಮಿಷ ಮೊದಲೇ ಮುಗಿಸಿ ಎಲ್ಲರ ಹತ್ತಿರ ಬೈಸಿಕೊಂಡೆ.

ಅಧಿಕಾರಿಗೆ ಒಂದು ಕಾಗದ ಬರೆದೆ: ನಾನು ಪೂರ್ತಿ ಕೇಳುತ್ತಿರಲಿಲ್ಲ, ನನ್ನ ಪಾಠವನ್ನು ಮಾದರಿ ಅಂತ ಎಲ್ಲೂ ಕಳಿಸಬೇಡಿ. ಈಗ ವಾರಕ್ಕೆ ಏಳೇ ಮಕ್ಕಳು ಸರದಿಯ ಮೇಲೆ ರೆಕಾರ್ಡ್ ಮಾಡುತ್ತಾರೆ. ಪೂರ್ತಿ ಕೇಳಿ ನಾನೂ ಮಾತಿನಲ್ಲೇ ಉತ್ತರ ಕಳಿಸುತ್ತೇನೆ. ಮಗು ಒಪ್ಪದೆ ಯಾರಿಗೂ ಕೇಳಿಸುವುದಿಲ್ಲ. ಇದನ್ನು ಮೊದಲ ದಿನವೇ ಮಾಡಬಹುದಿತ್ತು. ಆದರೆ ಏಳು ಮಕ್ಕಳು ಅಂದರೆ ಸುದ್ದಿಯಾಗುವುದಿಲ್ಲವಲ್ಲ, ನನಗೆ ನಲವತ್ತೆರಡೇ ಬೇಕಿತ್ತು.

ಗಂಟೆಯಮ್ಮ ಪಾಸಾದಳು. ಲೆಕ್ಕದಲ್ಲಿ ಐವತ್ತೆಂಟು. ಈ ವರ್ಷ ಲ್ಯಾಬಿನ ಬೀಗದ ಕೈ ಅವಳ ಸೊಂಟದಲ್ಲಿದೆ. ಜೂನಿಯರ್ ಟೀಚರುಗಳಿಗೆ, ಕಾವಲುಗಾರನಿಗೆ, ಕೊನೆಗೆ ಹೆಡ್ ಮೇಡಂಗೂ ಅವಳು ಪ್ರೀತಿಯಿಂದ ಹೇಳಿದ್ದಾಳೆ: "ಪಾಪ, ಮಿಸ್‌ಗೆ ಭಿನ್ನರಾಶಿ ಸ್ವಲ್ಪ ಕಷ್ಟ." ಹೆಡ್ ಮೇಡಂ ನನ್ನನ್ನು ಕರೆದು ಕೇಳಿದರು. ನಾನು ಹೌದು ಅಂದೆ.

ಹೋದ ವಾರ ಏಳನೇ ಕ್ಲಾಸಿನವರನ್ನು ನೀರು ಅಳೆಯುವ ಪಾಠಕ್ಕೆ ಲ್ಯಾಬಿಗೆ ಕರೆದುಕೊಂಡು ಹೋಗಿದ್ದೆ. ಒಬ್ಬ ಹುಡುಗಿಯ ಅಳತೆ ತಪ್ಪಾಗಿ ಅವಳು ಅಳುಮುಖ ಮಾಡಿದಳು. ಗಂಟೆಯಮ್ಮ ಬಂದು ಅವಳ ತಲೆ ಸವರಿದಳು. "ತಪ್ಪಾದ್ರೆ ಏನಾಯ್ತು? ನಿಮ್ಮ ಮಿಸ್‌ಗೇ ಭಾಗಾಕಾರ ಬರ್ತಿರ್ಲಿಲ್ಲ. ಆಮೇಲೆ ಕಲಿತ್ರು. ಕೇಳಿ ಬೇಕಾದ್ರೆ."

ನಲವತ್ತೆರಡು ತಲೆಗಳು ನನ್ನ ಕಡೆ ತಿರುಗಿದವು. ನಲವತ್ತೊಂದು ಅನ್ನಿ. ಮೆಣಸಿನಕಾಯಿ ಮಾತ್ರ ಮೂರನೇ ಬೆಂಚಿನಲ್ಲಿ ಬಗ್ಗಿ ಮೇಜಿನ ಮೇಲೆ ಉಗುರಿನಿಂದ ಗೀರುತ್ತಿದ್ದಳು, ಕಿವಿ ಕೆಂಪಾಗಿತ್ತು.

"ನಿಜಾನಾ ಮಿಸ್?" ಅಂತ ಯಾರೋ ಕೇಳಿದರು.

"ನಿಜ" ಅಂದೆ.

"ಯಾಕೆ ಮಿಸ್, ನಿಮಗೆ ಯಾರೂ ಹೇಳಿಕೊಟ್ಟಿರ್ಲಿಲ್ವಾ?"

"ಹೇಳಿದ್ರು," ಅಂದೆ. "ಹನ್ನೊಂದು ಸಲ ಹೇಳಿದ್ರು. ನಾನು ಕೇಳಿಸಿಕೊಳ್ಳಲಿಲ್ಲ."